ಹೆಬ್ಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರೆದೇ ಇತ್ತು

ಮೊನ್ನೆ ಭಾನುವಾರ ಅಟ್ಟದ ಮೇಲಿನ ರಟ್ಟಿನ ಡಬ್ಬ ಇಳಿಸಿ ಧೂಳು ಹೊಡೆಯುತ್ತಿದ್ದಾಗ ಒಂದು ಹಳೇ ಸಿಡಿ ಸಿಕ್ಕಿತು. ಮೇಲೆ ನನ್ನದೇ ಕೋಳಿಕಾಲಿನ ಅಕ್ಷರದಲ್ಲಿ "ಇಂಟರ್ನಲ್ಸ್ - ಕೊನೇ ಕಾಪಿ - 2006" ಅಂತ ಬರೆದಿತ್ತು. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇಲ್ಲ. ಗೆಳೆಯನ ಹಳೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಒಳಗೆ ಹನ್ನೊಂದು ಪಿಎಚ್‌ಪಿ ಕಡತಗಳಿದ್ದವು. ಅದರಲ್ಲಿ ಒಂದರ ಹೆಸರು 'ಪ್ರಿಂಟ್'. ಅದನ್ನು ತೆರೆದು ನೋಡುವಾಗ ಇಷ್ಟು ವರ್ಷದ ಮೇಲೂ ಕಿವಿ ಬಿಸಿಯಾಯಿತು.

ಕತೆ ಹೇಳಿಬಿಡುತ್ತೇನೆ. ಆಗ ನಾನು ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಕಾಲ. ಮಲೆನಾಡಿನ ಅಂಚಿನ ಊರೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ (ಹೆಸರು ಬೇಡ) ವಿದ್ಯಾರ್ಥಿಗಳ ಇಂಟರ್ನಲ್ ಅಂಕಗಳನ್ನು ಲ್ಯಾಬಿನ ಕಂಪ್ಯೂಟರುಗಳಲ್ಲೇ ನೋಡುವ ಹಾಗೆ ಒಂದು ವೆಬ್ ಅಪ್ಲಿಕೇಶನ್ ಬೇಕಿತ್ತು. ಎರಡು ತಿಂಗಳು ಪಿಎಚ್‌ಪಿ ಕಲಿತಿದ್ದ ನಾನು ಭಂಡಧೈರ್ಯದಿಂದ ಒಪ್ಪಿಕೊಂಡೆ. ಲಾಗಿನ್ ಪುಟ ಮಾಡಿದೆ. ಯುಎಸ್‌ಎನ್ (ಅದೇ, ರಿಜಿಸ್ಟರ್ ನಂಬರು) ಮತ್ತು ಪಾಸ್‌ವರ್ಡ್ ಕೊಟ್ಟರೆ ಅಂಕಗಳ ಪುಟ ಬರುತ್ತಿತ್ತು. ಅಲ್ಲಿಂದ 'ಪ್ರಿಂಟ್' ಒತ್ತಿದರೆ ಒಂದು ಚೀಟಿ. ಅದರಲ್ಲಿ ಅಂಕ, ಹಾಜರಿ, ಮತ್ತು ಕಚೇರಿಯವರು ಕೇಳಿದರು ಅಂತ ಕೊನೆಯಲ್ಲಿ ಸೇರಿಸಿದ್ದ ಒಂದು ಸಾಲು: ಫೀಸು ಬಾಕಿ.

ಲಾಗಿನ್ ಆಗಿದ್ದಾರೋ ಇಲ್ಲವೋ ಅಂತ ಅಂಕಗಳ ಪುಟದಲ್ಲಿ ಪರೀಕ್ಷೆ ಮಾಡಿದ್ದೆ. ಪ್ರಿಂಟ್ ಪುಟದಲ್ಲಿ ಮಾಡಿರಲಿಲ್ಲ. ಲಾಗಿನ್ ಆಗದೆ ಅಲ್ಲಿಗೆ ಯಾರು ಬರುತ್ತಾರೆ ಅಂದುಕೊಂಡಿದ್ದೆ. ಆ ಪುಟದ ವಿಳಾಸದ ಕೊನೆಯಲ್ಲಿ ಯುಎಸ್‌ಎನ್ ಇರುತ್ತಿತ್ತು. ಹುಡುಗನೊಬ್ಬ ಅದರ ಕೊನೆಯ ಎರಡು ಅಂಕಿ ಬದಲಾಯಿಸಿ ಎಂಟರ್ ಒತ್ತಿದ. ಬೇರೆಯವನ ಚೀಟಿ ಬಂತು! ಸಂಜೆಯೊಳಗೆ ಇಡೀ ತರಗತಿಗೆ ಈ ವಿದ್ಯೆ ಗೊತ್ತಾಗಿತ್ತು. ಮಾರನೇ ದಿನ ಹಾಸ್ಟೆಲ್ ಮೆಸ್ಸಿನ ಗೋಡೆಯ ಮೇಲೆ ಒಬ್ಬ ಹುಡುಗನ ಚೀಟಿ ಅಂಟಿಸಿತ್ತು, ಫೀಸು ಬಾಕಿಯ ಸಾಲಿಗೆ ಕೆಂಪು ಗೆರೆ ಎಳೆದು. ಆ ಹುಡುಗ ಒಂದು ವಾರ ಮೆಸ್ಸಿಗೆ ಊಟಕ್ಕೆ ಬರಲಿಲ್ಲವಂತೆ.

ಎಚ್‌ಒಡಿ ಕರೆಸಿದರು. ಬೈಯಲಿಲ್ಲ. "ಏನಪ್ಪಾ, ಹೆಬ್ಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೀಯಲ್ಲ?" ಅಂದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಅವತ್ತಿನಿಂದ ಈ ಎರಡು ವಿಷಯಗಳ ಚರಿತ್ರೆ ಓದುವ ಹುಚ್ಚು ಹತ್ತಿಕೊಂಡಿತು: ಲಾಗಿನ್ ಅಂದರೆ "ಯಾರು ನೀನು?" ಅನ್ನುವ ಪ್ರಶ್ನೆ, ರೂಟಿಂಗ್ ಅಂದರೆ "ಎಲ್ಲಿಗೆ ಹೊರಟೆ?" ಅನ್ನುವ ಪ್ರಶ್ನೆ. ಮನೆಗೆ ಬಂದವರನ್ನು ನಮ್ಮ ಅಜ್ಜಿ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದಳು. ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ಕಡೆ ಹುಟ್ಟಿ, ಬೇರೆ ಬೇರೆಯಾಗಿ ಬೆಳೆದವು. ನನ್ನಂಥವರು ಬಿದ್ದದ್ದು ಇವೆರಡರ ನಡುವಿನ ಸಂದಿಯಲ್ಲಿ.

* * *

ಮೊದಲು "ಯಾರು ನೀನು?"

ಕಂಪ್ಯೂಟರಿನಲ್ಲಿ ಪಾಸ್‌ವರ್ಡಿನ ಕತೆ ಅಮೆರಿಕದ ಎಂಐಟಿಯಲ್ಲಿ ಶುರುವಾಗುತ್ತದೆ. ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರ ನವೆಂಬರಿನಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮೊದಲ ಬಾರಿಗೆ ತೋರಿಸಿದರು. ಒಂದೇ ದೊಡ್ಡ ಯಂತ್ರವನ್ನು ಹಲವರು ಒಂದೇ ಹೊತ್ತಿನಲ್ಲಿ ಬಳಸುವ ಏರ್ಪಾಟು ಅದು. ಹಲವರು ಬಂದ ಮೇಲೆ "ಈ ಕಡತ ಯಾರದ್ದು? ಈ ಗಂಟೆಗಳು ಯಾರ ಲೆಕ್ಕಕ್ಕೆ?" ಅನ್ನುವ ಪ್ರಶ್ನೆಗಳು ಬರಲೇಬೇಕಲ್ಲ. ಅದಕ್ಕೆ ಸುಲಭದ ಉಪಾಯ ಅಂತ ಒಬ್ಬೊಬ್ಬರಿಗೆ ಒಂದು ಗುಟ್ಟಿನ ಪದ ಕೊಟ್ಟರು.

ಗುಟ್ಟು ಹೆಚ್ಚು ದಿನ ಉಳಿಯಲಿಲ್ಲ. ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಲನ್ ಶೆರ್ ಅವರಿಗೆ ಯಂತ್ರದಲ್ಲಿ ಕೊಟ್ಟಿದ್ದ ಸಮಯ ಸಾಲುತ್ತಿರಲಿಲ್ಲ. 1962ರಲ್ಲಿ ಅವರು ಮಾಡಿದ್ದೇನು ಗೊತ್ತೇ? ಪಾಸ್‌ವರ್ಡುಗಳಿದ್ದ ಕಡತವನ್ನು ಮುದ್ರಿಸಿ ಕೊಡಿ ಅಂತ ಒಂದು ಪಂಚ್ ಕಾರ್ಡ್ ಹಾಕಿ ಬಂದರು. ಯಂತ್ರ ಮುದ್ರಿಸಿ ಕೊಟ್ಟಿತು! ಪಾಸ್‌ವರ್ಡ್ ಬೇಡುವ ಬಾಗಿಲು ಒಂದಿತ್ತು; ಮುದ್ರಣದ ಬಾಗಿಲಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ಎಂಥಾ ಸಮಾಧಾನವಾಯಿತು ಅಂದರೆ ಹೇಳಲಾರೆ. ನನ್ನ ಪ್ರಿಂಟ್ ಪುಟದ ತಪ್ಪಿಗೆ ನಲವತ್ತನಾಲ್ಕು ವರ್ಷ ಹಿಂದೆ ಎಂಐಟಿಯಲ್ಲೇ ಒಬ್ಬ ಅಣ್ಣ ಹುಟ್ಟಿದ್ದ :-)

ಅದೇ ಸಿಟಿಎಸ್‌ಎಸ್‌ನಲ್ಲಿ 1966ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಲಾಗಿನ್ ಆದವರಿಗೆಲ್ಲ ಕಾಣುವ 'ದಿನದ ಸಂದೇಶ'ವನ್ನು ಒಬ್ಬರು ತಿದ್ದುತ್ತಿದ್ದರು, ಪಾಸ್‌ವರ್ಡ್ ಕಡತವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸುತ್ತಿತ್ತು. ಎರಡೂ ಅದಲು ಬದಲಾದವು. ಆಮೇಲೆ ಲಾಗಿನ್ ಆದವರಿಗೆಲ್ಲ ಶುಭಾಶಯದ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿ! ಕೊರ್ಬಾಟೊ ಅವರೇ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಈ ಘಟನೆಯನ್ನು ಹೇಳಿಕೊಂಡಿದ್ದಾರೆ. ತಮ್ಮ ಮನೆಯ ತಪ್ಪನ್ನು ಅಷ್ಟು ದೊಡ್ಡ ವೇದಿಕೆಯಲ್ಲಿ ಹೇಳಿಕೊಳ್ಳುವ ದೊಡ್ಡತನ ಎಷ್ಟು ಜನಕ್ಕಿರುತ್ತದೆ?

ಪಾಠ ಕಲಿತದ್ದು ಯೂನಿಕ್ಸ್ ಕಟ್ಟಿದ ಬೆಲ್ ಲ್ಯಾಬ್ಸ್‌ನವರು. ಪಾಸ್‌ವರ್ಡನ್ನು ಹಾಗೇ ಇಡಬಾರದು, ಬೀಸಿ ಇಡಬೇಕು ಅಂದರು. ಅಕ್ಕಿ ಬೀಸಿದರೆ ಹಿಟ್ಟಾಗುತ್ತದೆ, ಹಿಟ್ಟಿನಿಂದ ಅಕ್ಕಿ ತೆಗೆಯಲಾಗದು. ಯಾರಾದರೂ ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಬೀಸಿ, ಎರಡು ಹಿಟ್ಟೂ ಒಂದೇ ತರಹ ಇದೆಯೇ ಅಂತ ನೋಡಿದರಾಯಿತು. ಆದರೆ ಕಳ್ಳನೊಬ್ಬ ಸಾಮಾನ್ಯ ಪದಗಳನ್ನೆಲ್ಲ ಮೊದಲೇ ಬೀಸಿ ಪಟ್ಟಿ ಮಾಡಿಟ್ಟುಕೊಂಡರೆ? ಅದಕ್ಕೇ ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಚಿಟಿಕೆ ಉಪ್ಪು ಹಾಕಿದರು. ನಾನು ಉಪಮೆ ಕಟ್ಟುತ್ತಿಲ್ಲ, ಅದರ ಹೆಸರೇ 'ಸಾಲ್ಟ್'. 12 ಬಿಟ್‌ಗಳ ಉಪ್ಪು, ಅಂದರೆ 4,096 ಬಗೆ. ಕಳ್ಳನ ಪಟ್ಟಿ ಅಷ್ಟು ಪಟ್ಟು ದೊಡ್ಡದಾಗಬೇಕು.

ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಇದರ ಬಗ್ಗೆ ಬರೆದ ಲೇಖನದಲ್ಲಿ ಒಂದು ಲೆಕ್ಕವಿದೆ. ಅವರು ನೋಡಿದ 3,289 ಪಾಸ್‌ವರ್ಡುಗಳಲ್ಲಿ 15 ಒಂದೇ ಅಕ್ಷರದವು! 72 ಎರಡಕ್ಷರದವು, 464 ಮೂರಕ್ಷರದವು. ನಿಘಂಟಿನಲ್ಲಿ ಸಿಗುವಂಥವನ್ನೆಲ್ಲ ಸೇರಿಸಿದರೆ ಒಟ್ಟು 2,831, ಅಂದರೆ ಶೇಕಡಾ 86, ಸುಲಭವಾಗಿ ಊಹಿಸಬಹುದಾದವು. ಮನುಷ್ಯ ಎಲ್ಲಾ ಕಾಲಕ್ಕೂ ಮನುಷ್ಯನೇ. ಅಂದ ಹಾಗೆ, ಥಾಂಪ್ಸನ್ ಅವರ ಸ್ವಂತ ಪಾಸ್‌ವರ್ಡಿನ ಹಿಟ್ಟು ಒಂದು ಹಳೇ ಬಿಎಸ್‌ಡಿ ಕಡತದಲ್ಲಿ ಉಳಿದುಕೊಂಡಿತ್ತು. ಅದನ್ನು ಬಿಡಿಸಿದ್ದು 2019ರಲ್ಲಿ. ಏನಿತ್ತು ಅಂದರೆ, ಚದುರಂಗದ ಮೊದಲ ನಡೆ: ರಾಣಿಯ ಮುಂದಿನ ಪದಾತಿ ಎರಡು ಮನೆ ಮುಂದಕ್ಕೆ. ಚದುರಂಗ ಆಡುವ ಯಂತ್ರವನ್ನೇ ಕಟ್ಟಿದ ಮನುಷ್ಯ, ಇನ್ನೇನು ಇಟ್ಟಾರು!

ನನ್ನ ಸಿಡಿಯಲ್ಲಿ? ಡೇಟಾಬೇಸಿನಲ್ಲಿ ಎಲ್ಲರ ಪಾಸ್‌ವರ್ಡೂ ಹಾಗೇ ಇದ್ದವು, ಬೀಸದೆ, ಉಪ್ಪಿಲ್ಲದೆ. ಆ ಲೇಖನ ಬಂದು ಇಪ್ಪತ್ತೇಳು ವರ್ಷವಾಗಿತ್ತು. ನಾನೊಬ್ಬನೇ ಅಲ್ಲ ಬಿಡಿ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡು ಸೋರಿಹೋದಾಗ ಅವೂ ಹಾಗೇ ಇದ್ದವು. ಅತಿ ಹೆಚ್ಚು ಜನ ಇಟ್ಟಿದ್ದು 123456.

* * *

ಇನ್ನು ವೆಬ್ಬಿಗೆ ಬರೋಣ. ಇದರ ತೊಂದರೆಯೇ ಬೇರೆ.

ಸಿಟಿಎಸ್‌ಎಸ್‌ನಲ್ಲಾಗಲಿ ಯೂನಿಕ್ಸ್‌ನಲ್ಲಾಗಲಿ ನೀವು ಲಾಗಿನ್ ಆದರೆ ತಂತಿಯ ಆ ತುದಿಯಲ್ಲಿ ಎದ್ದು ಹೋಗುವ ತನಕ ನೀವೇ ಇರುತ್ತೀರಿ. ಯಂತ್ರಕ್ಕೆ ನಿಮ್ಮ ನೆನಪಿರುತ್ತದೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಯೋಚಿಸಿದ್ದು ಕಾಗದಪತ್ರ ಹಂಚಿಕೊಳ್ಳುವ ಬಗ್ಗೆ. ಅವರ ಮೊದಲ ಎಚ್‌ಟಿಟಿಪಿಯಲ್ಲಿ ಬ್ರೌಸರ್ ಒಂದೇ ಸಾಲು ಕಳಿಸುತ್ತಿತ್ತು: ಈ ವಿಳಾಸದ್ದು ಕೊಡು. ಸರ್ವರ್ ಕೊಡುತ್ತಿತ್ತು, ಫೋನ್ ಇಡುತ್ತಿತ್ತು, ಮರೆತುಬಿಡುತ್ತಿತ್ತು. ಮುಂದಿನ ಕ್ಷಣ ನೀವೇ ಇನ್ನೊಂದು ಪುಟ ಕೇಳಿದರೂ ಅದಕ್ಕೆ ನೀವು ಹೊಸಬರೇ. ಓದುವ ಪುಟಗಳಿಗೆ ಇದು ಚೆನ್ನಾಗಿತ್ತು. ಲಕ್ಷ ಜನ ಬಂದರೂ ಯಾರನ್ನೂ ನೆನಪಿಡಬೇಕಿಲ್ಲವಲ್ಲ. ಆದರೆ ಮರೆಗುಳಿಯ ಜೊತೆ ವ್ಯವಹಾರ ಮಾಡುವುದು ಹೇಗೆ?

ಮೊದಲ ಉಪಾಯ, ಪ್ರತಿ ಸಲವೂ ಹೆಸರು ಮತ್ತು ಪಾಸ್‌ವರ್ಡ್ ಎರಡನ್ನೂ ಕಳಿಸುವುದು. ಇದಕ್ಕೆ 'ಬೇಸಿಕ್' ಅಂತಲೇ ಹೆಸರು. 1996ರ ಮೇ ತಿಂಗಳಲ್ಲಿ ಬಂದ ಎಚ್‌ಟಿಟಿಪಿ 1.0ರ ಬರಹದಲ್ಲಿ ಇದು ಇದೆ. ಬ್ರೌಸರ್ ಒಂದು ಪುಟ್ಟ ಬೂದು ಪೆಟ್ಟಿಗೆ ತೋರಿಸಿ ಕೇಳುತ್ತಿತ್ತು, ಆಮೇಲೆ ಪ್ರತಿ ಕೋರಿಕೆಯ ಜೊತೆಗೂ ಕಳಿಸುತ್ತಿತ್ತು. ಅಕ್ಷರಗಳನ್ನು ಕಲಸಿ ಕಳಿಸುತ್ತಿತ್ತು ನಿಜ, ಆದರೆ ಆ ಕಲಸುವಿಕೆ ಗುಟ್ಟಿಗಾಗಿ ಅಲ್ಲ. ಯಾರು ಬೇಕಾದರೂ ತಿರುಗಿಸಿ ಓದಬಹುದು. ಇದರಲ್ಲಿ 'ಲಾಗೌಟ್' ಅನ್ನುವುದೂ ಇರಲಿಲ್ಲ. ಬ್ರೌಸರನ್ನೇ ಮುಚ್ಚಬೇಕು.

ಎರಡನೇ ಉಪಾಯವೇ ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಂಟುಲಿ ಇದನ್ನು ರೂಪಿಸಿದರು. ಎಂಸಿಐ ಎಂಬ ಕಂಪನಿಗೆ ಅಂತರಜಾಲದ ಅಂಗಡಿ ಕಟ್ಟಬೇಕಿತ್ತು. ಗಿರಾಕಿಯ ಬುಟ್ಟಿಯಲ್ಲಿ ಏನಿದೆ ಅನ್ನುವುದನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಸರಿ, ಗಿರಾಕಿಯ ಬ್ರೌಸರಿನಲ್ಲೇ ಇಡೋಣ ಅಂದರು. ಪ್ರತಿ ಬ್ರೌಸರಿಗೂ ಒಂದು ಶಾಶ್ವತ ಸಂಖ್ಯೆ ಕೊಟ್ಟುಬಿಡುವ ದಾರಿಯೂ ಇತ್ತು. ಹಾಗೆ ಮಾಡಿದರೆ ಒಬ್ಬ ಮನುಷ್ಯನನ್ನು ಎಲ್ಲ ತಾಣಗಳಲ್ಲೂ ಹಿಂಬಾಲಿಸಬಹುದು ಅಂತ ಮಂಟುಲಿ ಅದನ್ನು ಬಿಟ್ಟರು. ಒಂದು ತಾಣ ಕೊಟ್ಟ ಕುಕಿ ಆ ತಾಣಕ್ಕೆ ಮಾತ್ರ ವಾಪಸು ಹೋಗಬೇಕು ಅನ್ನುವುದು ಅವರ ನಿಯಮ. ಜಾಹೀರಾತಿನವರು ಒಂದೇ ಚಿತ್ರವನ್ನು ಸಾವಿರ ತಾಣಗಳಲ್ಲಿ ಅಂಟಿಸಿ ಆ ನಿಯಮದ ಪಕ್ಕದಲ್ಲೇ ನುಸುಳಿದರು ಅನ್ನುವುದು ಬೇರೆ ಕತೆ. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ನೆಟ್‌ಸ್ಕೇಪಿನ ಪರೀಕ್ಷಾ ಆವೃತ್ತಿಯಲ್ಲೇ ಕುಕಿ ಇತ್ತು. ಬಳಸುವವರಿಗೆ ಹೇಳಿರಲಿಲ್ಲ. 1996ರ ಫೆಬ್ರವರಿಯಲ್ಲಿ ಪತ್ರಿಕೆಗಳು ಬರೆದ ಮೇಲೆಯೇ ಜನರಿಗೆ ಗೊತ್ತಾದದ್ದು.

ಲಾಗಿನ್ನಿಗೂ ಕುಕಿಗೂ ಸಂಬಂಧ ತಿಳಿಯಬೇಕಾದರೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಚಪ್ಪಲಿ ಕೊಡುತ್ತೀರಿ, ಅವನು 47 ಅಂತ ಟೋಕನ್ ಕೊಡುತ್ತಾನೆ. ವಾಪಸು ಬಂದಾಗ ಅವನು ನಿಮ್ಮ ಮುಖ ನೋಡುವುದಿಲ್ಲ, ಟೋಕನ್ ನೋಡುತ್ತಾನೆ. ವೆಬ್ಬಿನಲ್ಲೂ ಅಷ್ಟೆ. ಪಾಸ್‌ವರ್ಡ್ ಕೇಳುವುದು ಒಂದೇ ಸಲ. ಸರಿಯಿದ್ದರೆ ಸರ್ವರ್ ಒಂದು ಉದ್ದದ, ಊಹಿಸಲಾಗದ ಸಂಖ್ಯೆಯನ್ನು ಕುಕಿಯಾಗಿ ಕೊಡುತ್ತದೆ. ಇದೇ 'ಸೆಷನ್'. ಪಿಎಚ್‌ಪಿಯಲ್ಲಿ ಇದು ತಾನೇ ಸಿದ್ಧವಾಗಿ ಬಂದದ್ದು 2000ದಲ್ಲಿ, ನಾಲ್ಕನೇ ಆವೃತ್ತಿಯ ಜೊತೆ.

ಟೋಕನ್ ಕದ್ದವನಿಗೆ ಚಪ್ಪಲಿಯೂ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೂ ಬಹಳ ತಾಣಗಳು ಲಾಗಿನ್ ಪುಟವನ್ನು ಮಾತ್ರ ಎಚ್‌ಟಿಟಿಪಿಎಸ್‌ನಲ್ಲಿಟ್ಟು ಉಳಿದ ಪುಟಗಳನ್ನು ಬಯಲಿನಲ್ಲೇ ಬಿಟ್ಟಿದ್ದವು. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ, ಟೋಕನ್ ಪೋಸ್ಟ್ ಕಾರ್ಡಿನಲ್ಲಿ! 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬವರು ಫೈರ್‌ಶೀಪ್ ಅಂತ ಫೈರ್‌ಫಾಕ್ಸಿಗೆ ಒಂದು ಸೇರಿಕೆ ಬಿಟ್ಟರು. ಕಾಫಿ ಅಂಗಡಿಯ ತೆರೆದ ವೈಫೈನಲ್ಲಿ ಕೂತು ಅದನ್ನು ಓಡಿಸಿದರೆ ಅಕ್ಕಪಕ್ಕದವರ ಖಾತೆಗಳು ಸಾಲಾಗಿ ಕಾಣುತ್ತಿದ್ದವು. ಒತ್ತಿದರೆ ಒಳಗೆ. ಅಲ್ಲಿಯ ತನಕ ಪಂಡಿತರ ಲೇಖನಗಳಲ್ಲಿದ್ದ ವಿಷಯ ಒಂದೇ ದಿನದಲ್ಲಿ ಎಲ್ಲರಿಗೂ ಅರ್ಥವಾಯಿತು. ಆಮೇಲೆ ದೊಡ್ಡ ತಾಣಗಳು ಒಂದೊಂದಾಗಿ ಎಲ್ಲ ಪುಟಗಳನ್ನೂ ಎಚ್‌ಟಿಟಿಪಿಎಸ್‌ಗೆ ತಂದವು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಪ್ರಮಾಣಪತ್ರ ಎಲ್ಲರಿಗೂ ಕೊಡತೊಡಗಿದ ಮೇಲೆ ಸಣ್ಣವರಿಗೂ ನೆಪ ಉಳಿಯಲಿಲ್ಲ.

* * *

ಈಗ "ಎಲ್ಲಿಗೆ ಹೊರಟೆ?"

ವೆಬ್ಬಿನ ಮೊದಲ ದಿನಗಳಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ವಿಳಾಸ ಅಂದರೆ ಸರ್ವರಿನ ಡಿಸ್ಕಿನಲ್ಲಿರುವ ಕಡತದ ದಾರಿ. 1993ರಲ್ಲಿ ಎನ್‌ಸಿಎಸ್‌ಎ ಸಂಸ್ಥೆಯವರು ಸಿಜಿಐ ತಂದ ಮೇಲೆ ವಿಳಾಸದ ಆ ತುದಿಯಲ್ಲಿ ಕಡತದ ಬದಲು ಪ್ರೋಗ್ರಾಮು ಕೂರಬಹುದಾಯಿತು. ಪಿಎಚ್‌ಪಿ ಬಂದ ಮೇಲಂತೂ ಇನ್ನೂ ಸುಲಭ. ಒಂದು ಕಡತ ಬರೆದು ಫೋಲ್ಡರಿಗೆ ಹಾಕಿದರೆ ಅದೇ ಒಂದು ಪುಟ, ಅದೇ ಒಂದು ವಿಳಾಸ.

ನನ್ನಂಥ ಎಷ್ಟೋ ಜನ ವೆಬ್ ಕಲಿತದ್ದೇ ಈ ಸುಲಭದಿಂದ, ಅದಕ್ಕೆ ನಾನು ಕೃತಜ್ಞ. ಆದರೆ ಇದರ ಅರ್ಥ ನೋಡಿ: ಹನ್ನೊಂದು ಕಡತ ಅಂದರೆ ಬೀದಿಗೆ ತೆರೆದ ಹನ್ನೊಂದು ಬಾಗಿಲು. ಪ್ರತಿಯೊಂದರ ತಲೆಯ ಮೇಲೂ "ಲಾಗಿನ್ ಆಗಿದ್ದಾರಾ?" ಅನ್ನುವ ಸಾಲನ್ನು ನೆನಪಿಟ್ಟು ಬರೆಯಬೇಕು. ಹತ್ತರಲ್ಲಿ ಬರೆದು ಒಂದರಲ್ಲಿ ಮರೆತರೆ ಮನೆಗೆ ಬೀಗವೇ ಇಲ್ಲದ ಹಾಗೆ. ಇನ್ನೂ ಒಂದು ಗ್ರಹಚಾರವಿತ್ತು. ಆಗಿನ ಪಿಎಚ್‌ಪಿಯಲ್ಲಿ 'ರಿಜಿಸ್ಟರ್ ಗ್ಲೋಬಲ್ಸ್' ಅಂತ ಒಂದು ಸೌಲಭ್ಯ. ವಿಳಾಸದ ಬಾಲದಲ್ಲಿ ಯಾವ ಹೆಸರು ಬರೆದರೂ ಅದು ಪ್ರೋಗ್ರಾಮಿನೊಳಗೆ ಒಂದು ವೇರಿಯಬಲ್ ಆಗುತ್ತಿತ್ತು. ಒಳಗೆ "ಒಪ್ಪಿಗೆಯಿದೆ = ಹೌದು" ಅನ್ನುವ ವೇರಿಯಬಲ್ ನೋಡಿ ಬಿಡುವ ಪ್ರೋಗ್ರಾಮಾದರೆ, ಬರುವವನೇ ವಿಳಾಸದಲ್ಲಿ ಹಾಗಂತ ಬರೆದುಕೊಂಡು ಬಂದರಾಯಿತು! 2002ರಲ್ಲಿ 4.2 ಆವೃತ್ತಿಯಿಂದ ಅದನ್ನು ಸಹಜವಾಗಿ ಆರಿಸಿಟ್ಟರು, ಪೂರ್ತಿ ಕಿತ್ತುಹಾಕಿದ್ದು 2012ರಲ್ಲಿ.

ವಿಳಾಸವೂ ಕಡತವೂ ಒಂದೇ ಆಗಿರಬೇಕಿಲ್ಲ ಅನ್ನುವ ದಾರಿ ತೆರೆದವರಲ್ಲಿ ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ ಒಬ್ಬರು. 1996ರಲ್ಲಿ ಅವರು ಅಪಾಚೆ ಸರ್ವರಿಗೆ ಮಾಡ್-ರೀರೈಟ್ ಬರೆದರು. ಬಂದ ವಿಳಾಸವನ್ನು ನಿಯಮಗಳ ಪ್ರಕಾರ ಇನ್ನೊಂದಾಗಿ ತಿರುಗಿಸುವ ಸಾಧನ ಅದು. 1998ರಲ್ಲಿ ಬರ್ನರ್ಸ್-ಲೀ ಒಳ್ಳೆಯ ವಿಳಾಸಗಳು ಬದಲಾಗಬಾರದು ಅಂತ ಬರೆದರು. ಅವರ ಮಾತಿನ ಸಾರ ಇಷ್ಟೆ: ವಿಳಾಸ ಎನ್ನುವುದು ಓದುಗರಿಗೆ ಕೊಟ್ಟ ಮಾತು, ಒಳಗೆ ಯಾವ ತಂತ್ರಾಂಶ ಓಡುತ್ತಿದೆ ಅನ್ನುವುದನ್ನು ಅದರಲ್ಲಿ ತುರುಕಬೇಡಿ.

ಇಲ್ಲಿಂದ ಮುಂದಿನ ಹೆಜ್ಜೆ 'ಫ್ರಂಟ್ ಕಂಟ್ರೋಲರ್'. ಎಲ್ಲ ಕೋರಿಕೆಗಳೂ ಒಂದೇ ಬಾಗಿಲಿನಿಂದ ಬರಲಿ. ಅಲ್ಲಿ ಒಂದು ಪಟ್ಟಿ ಇರಲಿ: ಈ ರೀತಿಯ ವಿಳಾಸವಾದರೆ ಈ ಕೆಲಸ, ಆ ರೀತಿಯದಾದರೆ ಆ ಕೆಲಸ. ಈ ಪಟ್ಟಿಯೇ ರೂಟಿಂಗ್. ಜಾವಾದವರಿಗೆ 2000ದ ಹೊತ್ತಿಗೆ ಸ್ಟ್ರಟ್ಸ್ ಬಂತು, 2002ರಲ್ಲಿ ಮಾರ್ಟಿನ್ ಫೌಲರ್ ತಮ್ಮ ಪುಸ್ತಕದಲ್ಲಿ ಈ ವಿನ್ಯಾಸವನ್ನು ವಿವರಿಸಿದರು. ಸಾಮಾನ್ಯ ಪ್ರೋಗ್ರಾಮರುಗಳ ಕೈಗೆ ಇದನ್ನು ತಲುಪಿಸಿದ್ದು ಮಾತ್ರ 2004ರಲ್ಲಿ ಬಂದ ರೈಲ್ಸ್, 2005ರಲ್ಲಿ ಬಂದ ಜಾಂಗೋ. ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ನೋಡುತ್ತಾ ಮೊದಲು ಹೊಂದಿದ್ದನ್ನೇ ಹಿಡಿಯುವುದು ವಾಡಿಕೆ. ಹಾಗಾಗಿ "ವಿದ್ಯಾರ್ಥಿ/ಯಾವುದೋ ಸಂಖ್ಯೆ" ಅನ್ನುವ ಸಾಲು ಮೇಲಿದ್ದು "ವಿದ್ಯಾರ್ಥಿ/ಹೊಸದು" ಅನ್ನುವುದು ಕೆಳಗಿದ್ದರೆ, 'ಹೊಸದು' ಎಂಬ ಸಂಖ್ಯೆಯ ವಿದ್ಯಾರ್ಥಿಯನ್ನು ಹುಡುಕುತ್ತಾ ಪ್ರೋಗ್ರಾಮು ಕಕ್ಕಾಬಿಕ್ಕಿಯಾಗುತ್ತದೆ. ಈ ತಪ್ಪು ಮಾಡದ ಪ್ರೋಗ್ರಾಮರ್ ಇದ್ದರೆ ಕಾಲಿಗೆ ಬೀಳುತ್ತೇನೆ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ತಲೆನೋವು. ವಿಳಾಸದಲ್ಲಿ ಕನ್ನಡ ಅಕ್ಷರ ಹಾಗೇ ಸಾಗುವುದಿಲ್ಲ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು, ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಗುರುತು. 'ಕನ್ನಡ' ಅನ್ನುವ ಪದ ಯೂನಿಕೋಡಿನಲ್ಲಿ ಐದು ಸಂಕೇತ (ಕ, ನ, ವಿರಾಮ, ನ, ಡ), ವಿಳಾಸದಲ್ಲಿ ನಲವತ್ತೈದು ಗುರುತು! ಕನ್ನಡ ವಿಕಿಪೀಡಿಯದ ಕೊಂಡಿಯನ್ನು ಮಿಂಚೆಗೆ ಅಂಟಿಸಿದವರಿಗೆ ಆ ಶೇಕಡಾಗಳ ಮೆರವಣಿಗೆ ಗೊತ್ತೇ ಇರುತ್ತದೆ. ರೂಟಿಂಗ್ ನಿಯಮ ಬರೆದವರು ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಮತ್ತು ಅಂಕಿಗಳನ್ನಷ್ಟೇ ಒಪ್ಪಿದ್ದರೆ ನಮ್ಮ ಪುಟ "ಇಲ್ಲ" ಅನ್ನಿಸಿಕೊಳ್ಳುತ್ತದೆ.

* * *

ಎರಡು ಪ್ರಶ್ನೆಗಳೂ ಕೊನೆಗೆ ಭೇಟಿಯಾದದ್ದು ಈ ಒಂದೇ ಬಾಗಿಲಿನಲ್ಲಿ. ಎಲ್ಲರೂ ಇಲ್ಲಿಂದಲೇ ಬರುತ್ತಾರೆ ಅಂದರೆ "ಯಾರು ನೀನು?" ಅಂತ ಇಲ್ಲೇ ಕೇಳಬಹುದಲ್ಲ! ಪುಟ ಪುಟಕ್ಕೂ ನೆನಪಿಟ್ಟು ಬರೆಯಬೇಕಿಲ್ಲ. ಮೊದಲು ಎಲ್ಲ ಬಾಗಿಲುಗಳೂ ತೆರೆದಿದ್ದು ನೆನಪಾದದ್ದಕ್ಕೆ ಬೀಗ ಹಾಕುತ್ತಿದ್ದೆವು. ಈಗ ಎಲ್ಲದಕ್ಕೂ ಬೀಗ, ಬೇಕಾದದ್ದನ್ನು ಮಾತ್ರ ತೆರೆಯಬಹುದು. ಮರೆತರೆ ಪುಟ ಕಾಣುವುದಿಲ್ಲ ಅಷ್ಟೆ, ಮಾನ ಹೋಗುವುದಿಲ್ಲ.

ಎಚ್‌ಟಿಟಿಪಿಯಲ್ಲಿ ಇದಕ್ಕೆ ಮೊದಲಿನಿಂದಲೂ ಮೂರು ಬೇರೆ ಉತ್ತರಗಳಿವೆ. 401 ಅಂದರೆ "ಯಾರು ಅಂತ ಹೇಳಿ". 403 ಅಂದರೆ "ಯಾರಾದರೂ ಸರಿ, ನಿಮಗೆ ಇಲ್ಲಿ ಪ್ರವೇಶವಿಲ್ಲ". 404 ಅಂದರೆ "ಅಂಥ ಜಾಗವೇ ಇಲ್ಲ". ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದರೂ ನಾವು ಮೊದಲ ಎರಡನ್ನು ಒಂದೇ ಅಂದುಕೊಳ್ಳುತ್ತೇವೆ. ನಾನೂ ಅಂದುಕೊಂಡೆ. ಮೆಸ್ಸಿನ ಗೋಡೆಯ ಪ್ರಸಂಗವಾದ ಮೇಲೆ ರಾತ್ರಿಯಿಡೀ ಕೂತು ಪ್ರಿಂಟ್ ಪುಟಕ್ಕೆ ಲಾಗಿನ್ ಪರೀಕ್ಷೆ ಸೇರಿಸಿದೆ. ಬೆಳಿಗ್ಗೆ ಎಚ್‌ಒಡಿ ಹತ್ತಿರ ಹೋಗಿ "ಸರಿಹೋಯ್ತು ಸರ್" ಅಂದೆ. ಅವರು ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ಲಾಗಿನ್ ಆದರು, ಪ್ರಿಂಟ್ ಒತ್ತಿದರು, ವಿಳಾಸದ ಕೊನೆಯ ಎರಡು ಅಂಕಿ ಬದಲಾಯಿಸಿದರು. ಬೇರೆಯವನ ಚೀಟಿ ಬಂತು. "ಒಳಗೆ ಬಿಟ್ಟವರೆಲ್ಲ ಎಲ್ಲಾ ಕೋಣೆಗೂ ಹೋಗಬಹುದೇನಪ್ಪಾ?" ಅಂದರು.

ಯಾರು ಅಂತ ಕೇಳಿದ್ದೆ. ಅವನು ಕೇಳುತ್ತಿರುವುದು ಅವನದ್ದೇನಾ ಅಂತ ಕೇಳಿರಲಿಲ್ಲ. ಬೇಕಾಗಿದ್ದದ್ದು ಒಂದೇ ಸಾಲು: ಟೋಕನ್ನಿನ ಹಿಂದಿರುವ ಯುಎಸ್‌ಎನ್ನೂ ವಿಳಾಸದ ಯುಎಸ್‌ಎನ್ನೂ ಒಂದೇ ಆಗಿರಬೇಕು.

ಇದು ಎರಡು ತಿಂಗಳ ಪಿಎಚ್‌ಪಿ ಕಲಿತವನ ತಪ್ಪು ಮಾತ್ರ ಅಂದುಕೊಂಡಿದ್ದೆ. 2011ರಲ್ಲಿ ಸಿಟಿಗ್ರೂಪ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ತಾಣದಲ್ಲಿ 3,60,000 ಖಾತೆಗಳ ವಿವರ ಹೋಯಿತು. ಒಂದು ಖಾತೆಗೆ ಲಾಗಿನ್ ಆಗಿ ವಿಳಾಸದಲ್ಲಿದ್ದ ಸಂಖ್ಯೆ ಬದಲಾಯಿಸುತ್ತಾ ಹೋಗಿದ್ದರು ಅಂತ ಪತ್ರಿಕೆಗಳು ಬರೆದವು. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಕಂಪನಿಯ ತಾಣದಲ್ಲಿ ಮನೆ ಮಾರಾಟ, ಸಾಲಗಳಿಗೆ ಸೇರಿದ 88.5 ಕೋಟಿ ದಾಖಲೆಗಳು ಲಾಗಿನ್ ಕೂಡ ಇಲ್ಲದೆ ಸಿಗುತ್ತಿದ್ದವು ಅಂತ ಬಯಲಾಯಿತು. ಅಲ್ಲೂ ವಿಳಾಸದ ಸಂಖ್ಯೆಯೇ. ಒಂದು ನನ್ನ ಎರಡನೇ ತಪ್ಪು, ಇನ್ನೊಂದು ನನ್ನ ಮೊದಲನೇ ತಪ್ಪು. ವೆಬ್ ಭದ್ರತೆಯ ಒವಾಸ್ಪ್ ಸಂಸ್ಥೆ 2017ರ ತನ್ನ ಅಪಾಯಗಳ ಪಟ್ಟಿಯಲ್ಲಿ ಈ ಬಗೆಯ ತಪ್ಪನ್ನು ಐದನೆಯದಾಗಿ ಇಟ್ಟಿತ್ತು, 2021ರಲ್ಲಿ ಮೊದಲನೆಯದಾಗಿ ಇಟ್ಟಿತು.

ಈ ಸಂದಿಯಲ್ಲಿ ಬೇರೆ ಬೇರೆ ವೇಷದ ಪ್ರಸಂಗಗಳೂ ನಡೆದಿವೆ. 2005ರ ಮೇ ತಿಂಗಳಲ್ಲಿ ಗೂಗಲ್ 'ವೆಬ್ ಆಕ್ಸಿಲರೇಟರ್' ಬಿಟ್ಟಿತು. ನೀವು ಒತ್ತುವ ಮೊದಲೇ ಪುಟದಲ್ಲಿರುವ ಕೊಂಡಿಗಳನ್ನೆಲ್ಲ ತಂದಿಡುವ ಉಪಕಾರಿ. ಲಾಗಿನ್ ಆದವರ ಪುಟಗಳಲ್ಲಿ 'ಅಳಿಸು' ಅನ್ನುವುದೂ ಒಂದು ಬರೀ ಕೊಂಡಿಯಾಗಿದ್ದ ಕಡೆ ಅದನ್ನೂ ಒತ್ತಿ ಬಂತು! ನೋಡುವ ಕೋರಿಕೆ ಬೇರೆ, ಬದಲಾಯಿಸುವ ಕೋರಿಕೆ ಬೇರೆ ಅಂತ ಎಚ್‌ಟಿಟಿಪಿ ಹೇಳಿದ್ದನ್ನು ಹಗುರವಾಗಿ ತೆಗೆದುಕೊಂಡವರಿಗೆ ಅವತ್ತು ಪಾಠವಾಯಿತು. ಇನ್ನು ನಮ್ಮ ಸೈಬರ್ ಕೆಫೆಗಳು. ಲಾಗೌಟ್ ಮಾಡಿ ಹೋದವರ ಹಿಂದೆಯೇ ಕೂತು 'ಬ್ಯಾಕ್' ಒತ್ತಿದರೆ ಅವರ ಪತ್ರ ತೆರೆಯ ಮೇಲೆ. ಸರ್ವರಿಗೆ ಅವರು ಹೋಗಿದ್ದು ಗೊತ್ತಿತ್ತು, ಬ್ರೌಸರು ಹಳೇ ಪುಟವನ್ನು ಮಡಿಲಲ್ಲಿಟ್ಟುಕೊಂಡಿತ್ತು. ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೂತಿದ್ದ ನಮ್ಮ ಪೈಕಿ ಯಾರಿಗೆ ಇದು ಗೊತ್ತಿತ್ತು ಹೇಳಿ?

* * *

ಈಗ ಪಾಸ್‌ವರ್ಡೇ ಬೇಡ ಅನ್ನುವ ಕಾಲ ಬರುತ್ತಿದೆ. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂವರೂ ಸೇರಿ 'ಪಾಸ್‌ಕೀ'ಗೆ ಬೆಂಬಲ ಸಾರಿದರು. ಗುಟ್ಟಿನ ಕೀಲಿ ನಿಮ್ಮ ಫೋನಿನಂಥ ಸಾಧನದ ಕಡೆಯೇ ಇರುತ್ತದೆ, ತಾಣದ ಸರ್ವರಿಗೆ ಹೋಗುವುದೇ ಇಲ್ಲ. ಅಲನ್ ಶೆರ್ ಮತ್ತೆ ಬಂದು ಸರ್ವರಿನ ಕಡತವನ್ನೆಲ್ಲ ಮುದ್ರಿಸಿಕೊಂಡರೂ ಅದರಲ್ಲಿ ಕೆಲಸಕ್ಕೆ ಬರುವುದೇನೂ ಇರುವುದಿಲ್ಲ. ಅರವತ್ತು ವರ್ಷದ ತಲೆನೋವಿಗೆ ಒಳ್ಳೆಯ ಮದ್ದು ಅನ್ನಿಸುತ್ತದೆ.

ಆದರೆ ಸಿಡಿಯಲ್ಲಿದ್ದ ಆ ಪ್ರಿಂಟ್ ಪುಟವನ್ನು ನೋಡುತ್ತಾ ನನಗನ್ನಿಸಿದ್ದು, ಅವತ್ತು ಪಾಸ್‌ಕೀ ಇದ್ದಿದ್ದರೂ ಆ ಹುಡುಗನ ಚೀಟಿ ಗೋಡೆಗೆ ಬರುತ್ತಿತ್ತು. ಹೆಬ್ಬಾಗಿಲಿಗೆ ಎಷ್ಟು ಒಳ್ಳೆಯ ಬೀಗವಾದರೂ ಹಾಕಿ, ಹಿತ್ತಿಲ ಬಾಗಿಲನ್ನು ಅದು ಕಾಯುವುದಿಲ್ಲ. ಈ ಕೋಣೆಗೆ ಈ ಮನುಷ್ಯ ಬರಬಹುದೇ ಅಂತ ಯಾರಾದರೂ ಕೂತು ಯೋಚಿಸಿಯೇ ಬರೆಯಬೇಕು. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಿತ್ತು: ಅಂಕಗಳ ಚೀಟಿಯಲ್ಲಿ ಫೀಸು ಬಾಕಿಯ ಸಾಲು ಬೇಕೇ ಬೇಕಿತ್ತೇ? ಕೇಳಿದ್ದರು, ಹಾಕಿದ್ದೆ.

ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದ್ದೆ. ಲೈಬ್ರರಿಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. "ಬಿಡಿ ಸಾರ್, ಹೇಗೂ ಗೊತ್ತಾಗೋದೇ ಇತ್ತು" ಅಂದ, ನನ್ನನ್ನೇ ಸಮಾಧಾನ ಮಾಡುವ ಹಾಗೆ. ಗೊತ್ತಾಗಬೇಕಿರಲಿಲ್ಲ. ಹೇಳುವುದೋ ಬಿಡುವುದೋ ಅವನಿಗೆ ಬಿಟ್ಟದ್ದಾಗಿತ್ತು, ಅದನ್ನು ನಾನು ಅವನ ಕೈಯಿಂದ ಕಿತ್ತುಕೊಂಡಿದ್ದೆ.

ಗೆಳೆಯ "ಈ ಸಿಡಿ ಇನ್ನೇಕೆ, ಬಿಸಾಡೋ" ಅಂದ. ಬಿಸಾಡಲಿಲ್ಲ. ಈಗಲೂ ಹೊಸ ಕೆಲಸ ಶುರುಮಾಡುವಾಗ ಮೊದಲು ಎಲ್ಲ ವಿಳಾಸಗಳ ಪಟ್ಟಿ ಬರೆದುಕೊಳ್ಳುತ್ತೇನೆ, ಪ್ರತಿ ಸಾಲಿನ ಎದುರಿಗೂ ಯಾರು ಬರಬಹುದು ಅಂತ ಕೈಯಲ್ಲೇ ಬರೆಯುತ್ತೇನೆ. ಜೊತೆಯ ಹುಡುಗರು ನಗುತ್ತಾರೆ. ನಗಲಿ ಬಿಡಿ.